ಬಾಸ್ ಏಳುವ ಹೊತ್ತು

ಡಲ್ಲಾಸಿನಲ್ಲಿರುವ ನಮ್ಮ ಭಾವ ಅಪ್ಪಟ ಸಸ್ಯಾಹಾರಿ. ಕೇಕಿಗೆ ಮೊಟ್ಟೆ ಬಿದ್ದಿದೆಯೇ ಎಂದು ವಿಚಾರಿಸದೆ ಬಾಯಿಗೆ ಇಡುವವರಲ್ಲ. ಅಂಥವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಗೋಡೆಗೆ ಸಾಲಾಗಿ ಗಾಳದ ಕೋಲುಗಳು, ಕಪಾಟಿನ ತುಂಬ ಪ್ಲಾಸ್ಟಿಕ್ ಪೆಟ್ಟಿಗೆಗಳು, ಪೆಟ್ಟಿಗೆ ತುಂಬ ಖಾನೆಗಳು, ಖಾನೆಗೊಂದು ಹುಸಿಮೀನು, ಹುಸಿಕಪ್ಪೆ, ಯಾವ ಪ್ರಾಣಿಯೆಂದು ದೇವರಿಗೂ ಗೊತ್ತಾಗದ ಇನ್ನೇನೋ. ಅಲ್ಲಿಗೆ ಹೋಗಿ ಒಂದಷ್ಟು ತಿಂಗಳು ಇದ್ದು ಬಂದ ನಮ್ಮಮ್ಮನಿಗೆ ಅಳಿಯನ ಮೇಲಿದ್ದದ್ದು ಒಂದೇ ತಕರಾರು. 'ತಿನ್ನೋದಿಲ್ಲ, ಮಾರೋದಿಲ್ಲ. ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡ್ತಾರೆ. ಹಾಗಾದ್ರೆ ಆ ಮೀನು ಮಾಡಿದ ತಪ್ಪಾದ್ರೂ ಏನು?'

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಭಾವನಲ್ಲ, ಅಲಬಾಮದ ರೇ ಸ್ಕಾಟ್. ವಿಮೆ ಮಾರಿಕೊಂಡಿದ್ದ ಈ ಮನುಷ್ಯ 1967ರಲ್ಲಿ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ಬಾಸ್ ಎಂಬ ಮೀನನ್ನು ಹಿಡಿಯುವ ಪಂದ್ಯ ನಡೆಸಿದರು. ಅದರ ಬೆನ್ನಿಗೇ ಸಂಘ ಕಟ್ಟಿದರು. 1972ರಿಂದ, ಹಿಡಿದ ಮೀನನ್ನು ತೂಗಿ ಜೀವಂತ ಬಿಡುವ ಪದ್ಧತಿಯನ್ನು ಪಂದ್ಯಗಳಲ್ಲಿ ರೂಢಿಗೆ ತಂದರು. ತಿನ್ನುವವರ ಕಸುಬು ನಮ್ಮ ಭಾವನಂಥವರಿಗೂ ಬಾಗಿಲು ತೆರೆದದ್ದು ಹೀಗೆ. ಸ್ಕಾಟ್ ಮಹಾಶಯರಿಗೆ ತಮ್ಮ ಸುಧಾರಣೆ ಕೊನೆಗೆ ಹುಳಿಯನ್ನ ಕಟ್ಟಿಕೊಂಡು ಹೋಗಿ ಮೀನು ಹಿಡಿಯುವವರನ್ನೂ ಸೃಷ್ಟಿಸೀತು ಎಂಬ ಕಲ್ಪನೆ ಇದ್ದಿರಲಾರದು.

ಭಾವನ ಹುಚ್ಚಿನೊಳಗೆ ಇನ್ನೊಂದು ಒಳಹುಚ್ಚು ಇದೆ: ಟಾಪ್‌ವಾಟರ್. ಅಂದರೆ ನೀರೊಳಗೆ ಮುಳುಗುವ ಗಾಳವೇ ಬೇಡ; ನೀರಿನ ಮೇಲೆ ತೇಲುತ್ತ, ಗುಳುಗುಳು ಸದ್ದು ಮಾಡುತ್ತ, ಬಳುಕುತ್ತ ಬರುವ, ಲೂರ್ ಎಂಬ ಹುಸಿಮೀನುಗಳೇ ಆಗಬೇಕು. ಬಾಸ್ ಕೆಳಗಿನಿಂದ ನುಗ್ಗಿ ಅದನ್ನು ನೀರು ಸಮೇತ ಹಾರಿಸಬೇಕು. ಆ ಸದ್ದು ಕೇಳಬೇಕು, ಆ ದೃಶ್ಯ ಕಾಣಬೇಕು. ಮೀನು ಸಿಕ್ಕಿತೋ ಬಿಟ್ಟಿತೋ ಅದು ಆಮೇಲಿನ ಮಾತು.

ಇದು ಲಾಭದ ದಾರಿಯಲ್ಲ ಎಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆಯನ್ನೇ ತೆಗೆದುಕೊಳ್ಳಿ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರಿ ಹಿಡಿದ ಮೀನು 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋ ಚಿಲ್ಲರೆ. ನೀರೊಳಗೆ ಈಜುವ ಲೂರ್‌ಗೆ ಬಿದ್ದದ್ದು. ಪೆರಿ ಮನೆಯವರು ಅದನ್ನು ಅಡುಗೆ ಮಾಡಿಕೊಂಡು ತಿಂದರು. ದಾಖಲೆ ಜೀರ್ಣವಾಗಿ ಹೋಯಿತು, ತೂಕ ಮಾತ್ರ ಪುಸ್ತಕದಲ್ಲಿ ಉಳಿಯಿತು. 2009ರ ಜುಲೈನಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರೂ ಸಮ ಎಂದು ತೀರ್ಮಾನವಾಯಿತು. ಕುರಿಟಾ ಬಳಸಿದ್ದು ಜೀವಂತ ಬ್ಲೂಗಿಲ್ ಮೀನು. ಇನ್ನು ಟೆಕ್ಸಸ್ ರಾಜ್ಯದ ದಾಖಲೆ ಭಾವನ ಅಚ್ಚುಮೆಚ್ಚಿನ ಲೇಕ್ ಫೋರ್ಕ್‌ನದೇ: 1992ರ ಜನವರಿ, 18.18 ಪೌಂಡ್. ಹಿಡಿದವರು ಆವತ್ತು ಕ್ರಾಪಿ ಎಂಬ ಬೇರೆಯೇ ಮೀನಿಗೆ ಸಣ್ಣ ಜೀವಂತ ಮೀನು ಕಟ್ಟಿ ಆಳದಲ್ಲಿ ಇಳಿಬಿಟ್ಟಿದ್ದರಂತೆ! ಈ ಮೂರರಲ್ಲಿ ಒಂದೂ ನೀರಿನ ಮೇಲೆ ಕುಣಿಯುವ ಗೊಂಬೆಗೆ ಮರುಳಾದದ್ದಲ್ಲ. ಇದನ್ನು ಭಾವನ ಮುಂದೆ ಒಮ್ಮೆ ಹೇಳಿದೆ. 'ಅವರಿಗೆ ಮೀನು ಸಿಕ್ಕಿತು ಸರಿ, ಮಜಾ ಸಿಕ್ತಾ?' ಎಂದರು. ವಾದ ಅಲ್ಲಿಗೆ ಮುಗಿಯಿತು.

ಈ ಮಜಾದ ಮೂಲಪುರುಷ ಮಿಷಿಗನ್‌ನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡ್ಡನ್ ಎನ್ನುತ್ತಾರೆ. ಜೇನು ಸಾಕಣೆಯಲ್ಲಿ ಹೆಸರಾಗಿದ್ದವರು. 1890ರ ದಶಕದ ಕೊನೆಗೆ ಊರ ಗಿರಣಿ ಕೊಳದ ದಂಡೆಯಲ್ಲಿ ಗೆಳೆಯನಿಗಾಗಿ ಕಾಯುತ್ತ ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತಿದ್ದರಂತೆ. ಬೇಜಾರಾಗಿ ಅದನ್ನು ನೀರಿಗೆ ಎಸೆದರೆ, ಬಾಸ್ ಒಂದು ಮೇಲೆದ್ದು ಅದಕ್ಕೆ ಹೊಡೆಯಿತಂತೆ. ಕತೆ ಎಷ್ಟು ನಿಜವೋ, ಅದರಿಂದ ಹುಟ್ಟಿದ ಕಂಪನಿಯಂತೂ ನಿಜ. ನನ್ನ ಅನುಮಾನ ಏನೆಂದರೆ, ಆ ಗೆಳೆಯ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಇವತ್ತು ಭಾವನ ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತಿತ್ತು.

ಹೆಡ್ಡನ್ ಕಂಪನಿಯದೇ ಕೂಸು ಜಾರಾ ಸ್ಪೂಕ್. ಚುಟ್ಟದ ಆಕಾರದ, ಮೂತಿಗೆ ಯಾವ ಅಲಂಕಾರವೂ ಇಲ್ಲದ ತುಂಡು. ಸುಮ್ಮನೆ ಎಳೆದರೆ ಸತ್ತ ಕಡ್ಡಿಯಾಗಿ ಬರುತ್ತದೆ. ಅದಕ್ಕೆ ಜೀವ ತುಂಬುವ ವಿದ್ಯೆಯ ಹೆಸರು 'ವಾಕಿಂಗ್ ದ ಡಾಗ್'. ಕೋಲಿನ ತುದಿಯನ್ನು ಕೆಳಕ್ಕೆ ಚುರುಕಾಗಿ ಜಗ್ಗಬೇಕು, ಜಗ್ಗಿದ ಕೂಡಲೇ ದಾರ ಸಡಿಲ ಬಿಡಬೇಕು, ಮತ್ತೆ ಜಗ್ಗಬೇಕು. ಆ ಸಡಿಲದಲ್ಲೇ ಗುಟ್ಟು. ದಾರ ಬಿಗಿಯಿದ್ದರೆ ಲೂರ್ ನೆಟ್ಟಗೆ ಬರುತ್ತದೆ. ಸಡಿಲವಿದ್ದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತ, ಸೊಂಟ ಬಳುಕಿಸುತ್ತ ಬರುತ್ತದೆ. ಇದರ ಅಜ್ಜನಾದ ಮರದ ಲೂರ್‌ಗೆ ಫ್ಲೋರಿಡಾದ ಪೆನ್ಸಕೋಲಾ ಊರಿನ ಒಂದು ಬೀದಿಯ ಹೆಸರು. ಆ ಬೀದಿ ಯಾವ ವ್ಯವಹಾರಕ್ಕೆ ಹೆಸರಾಗಿತ್ತು, ಬಳುಕಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಭಾವ ಅಮ್ಮನ ಎದುರು ಎಂದೂ ವಿವರಿಸಿಲ್ಲ. ನಾನೂ ಇಲ್ಲಿ ವಿವರಿಸುವುದಿಲ್ಲ.

ಸೊಂಟ ಬಳುಕಿಸುವ ತಾಳ್ಮೆ ಇಲ್ಲದವರಿಗೆ ಪಾಪರ್. ಮೂತಿ ಒಳಕ್ಕೆ ತಗ್ಗಿದ ಪುಟ್ಟ ಲೂರ್. ಜಗ್ಗಿದರೆ 'ಗ್ಲುಪ್' ಎಂದು ನೀರುಗುಳುತ್ತದೆ. ಎರಡು ಗ್ಲುಪ್, ಒಂದು ವಿರಾಮ, ಮತ್ತೊಂದು ಗ್ಲುಪ್. ಹೊಡೆತ ಬೀಳುವುದು ಹೆಚ್ಚಾಗಿ ವಿರಾಮದಲ್ಲಿ. ವಿರಾಮ ಕೊಡುವುದೇ ಕಷ್ಟ. ರೆಬೆಲ್ ಕಂಪನಿಯ ಪಾಪ್-ಆರ್ ಈ ಜಾತಿಯ ಪ್ರಸಿದ್ಧ ಮಾಲು. ನಡುವೆ ಅದರ ತಯಾರಿಕೆ ನಿಂತಿತ್ತು. ಪಂದ್ಯದ ಹುಲಿಗಳು ಹಳೆಯ ಅಂಗಡಿಗಳಲ್ಲಿ ಉಳಿದದ್ದನ್ನು ಹುಡುಕಿ ತಂದು, ಯಾರಿಗೂ ಹೇಳದೆ ಬಳಸುತ್ತಿದ್ದರು. ಗುಟ್ಟು ಬಯಲಾದ ಮೇಲೆ ಕಂಪನಿ ಮತ್ತೆ ಅಚ್ಚು ಹಾಕಿತು. ಟೆಕ್ಸಸ್‌ನ ಜೆಲ್ ರೋಲೆಂಡ್ ಈ ಪಾಪ್-ಆರ್ ಅನ್ನು ಉಜ್ಜುಕಾಗದದಿಂದ ಉಜ್ಜಿ ತೆಳ್ಳಗೆ ಮಾಡಿ ಬಳಸುವುದರಲ್ಲಿ ಹೆಸರುವಾಸಿ. ಇದನ್ನು ಕೇಳಿದಂದಿನಿಂದ ಭಾವನ ಅಡುಗೆಮನೆ ಮೇಜಿನ ಮೇಲೂ ಉಜ್ಜುಕಾಗದ ಕಾಣಿಸಿಕೊಂಡಿದೆ. ಅಕ್ಕ ಮಾತಾಡುತ್ತಿಲ್ಲ.

ಏನೂ ಬಾರದವರಿಗೆ ಜಿಟರ್‌ಬಗ್. ಓಹಾಯೋದ ಆಕ್ರನ್ ಊರಿನ ಫ್ರೆಡ್ ಆರ್ಬೊಗಾಸ್ಟ್ 1930ರ ದಶಕದ ಕೊನೆಗೆ ಇದನ್ನು ಮಾರುಕಟ್ಟೆಗೆ ಬಿಟ್ಟರು. ಮುಖಕ್ಕೆ ಅಗಲವಾದ ಲೋಹದ ತುಟಿ. ರೀಲು ಸುತ್ತುತ್ತಾ ಹೋದರೆ ಸಾಕು, 'ಪ್ಲಪ್ ಪ್ಲಪ್ ಪ್ಲಪ್' ಎಂದು ಒಂದೇ ಲಯದಲ್ಲಿ ಬರುತ್ತದೆ. ಒಂದೇ ಲಯದ ಸದ್ದನ್ನು ಕತ್ತಲಲ್ಲಿ ಬಾಸ್ ಹಿಂಬಾಲಿಸಿ ಗುರಿಯಿಡುವುದು ಸುಲಭ. ಅದಕ್ಕೇ ರಾತ್ರಿ ಬೇಟೆಗೆ ಇಂದಿಗೂ ಇದು ಹಿರಿಯಣ್ಣ. ಇದೇ ದಾರಿಯ ಹೊಸ ಮಗು ಲ್ಯಾರಿ ಡಾಲ್‌ಬರ್ಗ್ ರೂಪಿಸಿದ ವಾಪರ್ ಪ್ಲಾಪರ್. ಅದರ ಹಿಂಭಾಗದ ಬಾಲವೇ ಗಿರಗಿರ ತಿರುಗುತ್ತದೆ. ಬೆಲೆ ಹದಿನೈದಿಪ್ಪತ್ತು ಡಾಲರ್. ನಮ್ಮ ಭಾವ ಇದರ ಎಲ್ಲ ಸೈಜನ್ನೂ ಇಟ್ಟಿದ್ದಾರೆ, ಎಸೆಯುವುದು ಒಂದನ್ನೇ. ಮಿಕ್ಕವು ಕಳೆದುಹೋದಾವೆಂಬ ಭಯ.

ಈಗ ಬಣ್ಣದ ವಿಚಾರಕ್ಕೆ ಬನ್ನಿ. ಇದೇ ನೋಡಿ ನನಗೆ ಅತಿ ಇಷ್ಟದ ಭಾಗ. ಅಂಗಡಿಯ ಗೋಡೆಯ ಮೇಲೆ ಒಂದೇ ಲೂರ್ ಇಪ್ಪತ್ತು ಬಣ್ಣಗಳಲ್ಲಿ ತೂಗಾಡುತ್ತಿರುತ್ತದೆ. ಬೆನ್ನಿನ ಮೇಲೆ ಒಂದೊಂದೇ ಹುರುಪೆ ಬಿಡಿಸಿರುತ್ತಾರೆ, ಚುಕ್ಕೆ ಇಟ್ಟಿರುತ್ತಾರೆ, ಹೊಳಪಿನ ಪುಡಿ ಉದುರಿಸಿರುತ್ತಾರೆ. ಆದರೆ ಸ್ವಾಮಿ, ಲೂರ್ ತೇಲುವುದು ನೀರಿನ ಮೇಲೆ, ಬಾಸ್ ಇರುವುದು ಕೆಳಗೆ. ಅದಕ್ಕೆ ಕಾಣುವುದು ಹೊಟ್ಟೆ. ಆಕಾಶದ ಬೆಳಕಿಗೆ ಎದುರಾಗಿ ಒಂದು ನೆರಳುಗಪ್ಪು ಆಕಾರ, ಅದರ ಸುತ್ತ ಅಲುಗಾಡುವ ನೀರು, ಅಷ್ಟೇ. ಬೆನ್ನಿನ ಚಿತ್ತಾರವನ್ನು ನೋಡುವವರು ಇಬ್ಬರೇ: ಕೊಳ್ಳುವವನು ಮತ್ತು ಕೊಂಡದ್ದಕ್ಕೆ ಬೈಯುವ ಹೆಂಡತಿ. ಅನುಭವಸ್ಥರ ಮಾತು ಚಿಕ್ಕದು. ಬೆಳಕಿದ್ದಾಗ ಬಿಳಿ ಅಥವಾ ಮೂಳೆಬಣ್ಣದ ಹೊಟ್ಟೆ, ಕತ್ತಲಲ್ಲಿ ಕಪ್ಪು. ಕಪ್ಪು ಯಾಕೆಂದರೆ ರಾತ್ರಿಯ ಆಕಾಶಕ್ಕೂ ಎದುರಾಗಿ ಗಟ್ಟಿ ಆಕಾರ ಕಾಣುವುದು ಕಪ್ಪಿನಲ್ಲೇ. ಬಣ್ಣಕ್ಕಿಂತ ಸದ್ದಿನ ಅಳತೆ ಮುಖ್ಯ. ನೀರು ಕನ್ನಡಿಯಂತೆ ನಿಂತಿದ್ದರೆ ಸಣ್ಣ ಪಾಪರ್, ಮೆಲುದನಿ. ಗಾಳಿಗೆ ಸಣ್ಣ ಅಲೆ ಎದ್ದಿದ್ದರೆ ಸ್ಪೂಕ್, ಪ್ಲಾಪರ್‌ನಂಥ ಗಲಾಟೆಯ ಜನ. ಅಲೆ ನೊರೆಯೊಡೆಯುತ್ತಿದ್ದರೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ನೀರೊಳಗಿನ ಲೂರ್ ಕಟ್ಟಬೇಕು. ದಾರದ ಬಗ್ಗೆ ಒಂದೇ ಮಾತು: ಫ್ಲೋರೊಕಾರ್ಬನ್ ಮುಳುಗುವ ದಾರ, ಅದು ಲೂರ್‌ನ ಮೂತಿಯನ್ನೂ ಕೆಳಕ್ಕೆ ಎಳೆಯುತ್ತದೆ, ಮೇಲ್ನೀರಿಗೆ ನೈಲಾನ್ ಅಥವಾ ಹೆಣೆದ ಬ್ರೇಡ್.

ಇಷ್ಟು ತಿಳಿದುಕೊಳ್ಳುವುದಕ್ಕೆ ಒಂದು ಸಂಜೆ ಸಾಕು, ಮೂರು ಲೂರ್ ಸಾಕು. ಹಾಗಾದರೆ ಭಾವ ಮುನ್ನೂರು ಯಾಕೆ ಕೊಂಡರು? ನನ್ನ ಸಿದ್ಧಾಂತ ಇಷ್ಟೇ: ಮೇಲ್ನೀರಿನ ಬಾಸ್ ಬೇಟೆಯಲ್ಲಿ ನಿಜವಾಗಿ ಬೇಕಾದ ಸರಕು ಹೊತ್ತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಸುಕಿಗೆ ಏಳುವುದನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಲು ಬರುವುದಿಲ್ಲ. ಏಳಲಾಗದ ದಿನ ಮನುಷ್ಯ ಒಂಬತ್ತು ಗಂಟೆಗೆ ಎದ್ದು, ಕಾಫಿ ಕುಡಿದು, ಹೊಸ ಲೂರ್ ಒಂದನ್ನು ಆರ್ಡರ್ ಮಾಡುತ್ತಾನೆ.

ಬಾಸ್‌ಗೆ ಕಣ್ಣುರೆಪ್ಪೆ ಇಲ್ಲ. ನಡುಹಗಲಿನ ಬಿಸಿಲಿಗೆ ಅದು ಕಣ್ಣು ಮುಚ್ಚಿಕೊಳ್ಳುವಂತಿಲ್ಲ, ಟೋಪಿ ಹಾಕುವಂತಿಲ್ಲ. ನೆರಳು ಹುಡುಕುತ್ತದೆ, ಇಲ್ಲವೇ ಆಳಕ್ಕೆ ಇಳಿಯುತ್ತದೆ. ಮಬ್ಬು ಬೆಳಕಿನಲ್ಲಿ ಅದರ ಕಣ್ಣು ಅದು ತಿನ್ನುವ ಸಣ್ಣ ಮೀನುಗಳ ಕಣ್ಣಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ನಸುಕು ಮತ್ತು ಮುಸ್ಸಂಜೆ ಅದರ ಊಟದ ಹೊತ್ತು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಬಿಸಿಲು ನೀರಿಗೆ ಬೀಳುವವರೆಗೆ ಬೆಳಗಿನ ಆಟ. ಸೂರ್ಯ ಮರದ ಹಿಂದೆ ಹೋದಾಗಿನಿಂದ ದಾರ ಕಾಣದಾಗುವವರೆಗೆ ಸಂಜೆಯ ಆಟ. ಮೋಡ ಕವಿದ ದಿನವಾದರೆ ಈ ಆಟ ಹಗಲಿಗೂ ಹಿಗ್ಗುತ್ತದೆ. ಮಳೆ ಬರುವ ಮುಂಚಿನ ಗಳಿಗೆ ಬಲು ಒಳ್ಳೆಯದು, ಆದರೆ ಗುಡುಗು ಕೇಳಿಸಿದರೆ ಮನೆಗೆ ಓಡಿ; ಕೈಯಲ್ಲಿರುವ ಗ್ರಾಫೈಟ್ ಕೋಲು ವಿದ್ಯುತ್ತಿಗೆ ಒಳ್ಳೆಯ ದಾರಿ.

ಮದುವೆಯಾದ ಹೊಸದರಲ್ಲಿ ಭಾವನನ್ನು ಸಂಧ್ಯಾವಂದನೆಗೆ ಎಬ್ಬಿಸಲು ಅವರಪ್ಪ ಪಟ್ಟ ಪಾಡು ನಮ್ಮ ಎರಡೂ ಮನೆಗಳಲ್ಲಿ ಪ್ರಸಿದ್ಧ. ಈಗ ಅದೇ ಮನುಷ್ಯ ಶನಿವಾರ ನಾಲ್ಕಕ್ಕೆಲ್ಲ ಎದ್ದು ಪೂರ್ವಾಭಿಮುಖವಾಗಿ ಲೇಕ್ ಫೋರ್ಕ್‌ಗೆ ಕಾರು ಓಡಿಸುತ್ತಾರೆ. ಎರಡೂ ಸಂಧ್ಯೆಗಳಲ್ಲಿ ನೀರಿನ ಅಂಚಿನಲ್ಲಿ ನಿಂತಿರುತ್ತಾರೆ. ಅವರಪ್ಪ ಇದ್ದಿದ್ದರೆ ದೂರದಿಂದ ನೋಡಿ ಸಂತೋಷಪಡುತ್ತಿದ್ದರು. ಹತ್ತಿರ ಬಾರದಿದ್ದರೆ ಸಾಕಿತ್ತು.

ಹೊತ್ತಿನ ಜೊತೆಗೆ ಋತುವೂ ಸೇರಬೇಕು. ಮೇಲ್ನೀರು ಫ್ಯಾರನ್‌ಹೀಟ್ ಲೆಕ್ಕದಲ್ಲಿ 60 ಡಿಗ್ರಿ, ನಮ್ಮ ಲೆಕ್ಕದಲ್ಲಿ ಹದಿನೈದು ಹದಿನಾರು ದಾಟದೆ ಟಾಪ್‌ವಾಟರ್ ಎಸೆಯುವುದು ಹೆಚ್ಚಾಗಿ ಕೈಗೆ ವ್ಯಾಯಾಮ. ವಸಂತದಲ್ಲಿ ಬಾಸ್ ಮೊಟ್ಟೆಯಿಟ್ಟ ಮೇಲೆ ಹೆಣ್ಣು ಹೊರಟುಹೋಗುತ್ತದೆ. ಗೂಡು ಕಾಯುವುದು, ಒಡೆದ ಮರಿಗಳ ಹಿಂಡನ್ನು ಕಾಪಾಡುವುದು ಗಂಡಿನ ಪಾಲಿನ ಕೆಲಸ. ಆ ಹಿಂಡಿನ ಮೇಲೆ ಪಾಪರ್ ಒಂದು ಗ್ಲುಪ್ ಎಂದರೆ ಅಪ್ಪನಿಗೆ ರೇಗುತ್ತದೆ. ಅದೇ ಹೊತ್ತಿನಲ್ಲಿ ಶ್ಯಾಡ್ ಎಂಬ ಬೆಳ್ಳಿಮೀನುಗಳು ನಸುಕಿನಲ್ಲಿ ಕಲ್ಲುಕಟ್ಟೆ, ಹುಲ್ಲಂಚುಗಳಿಗೆ ಬಂದು ಮೊಟ್ಟೆಯಿಡುತ್ತವೆ. ಅಲ್ಲಿ ಬಾಸ್‌ಗಳಿಗೆ ಹಬ್ಬ, ಬಿಸಿಲೇರಿದ ಕೂಡಲೇ ಹಬ್ಬ ಸಮಾಪ್ತಿ. ಟೆಕ್ಸಸ್‌ನ ನಡುಬೇಸಿಗೆಯಲ್ಲಿ ಹಗಲು ನೀರೂ ಬಿಸಿ, ನೆತ್ತಿಯೂ ಬಿಸಿ. ಆಗ ರಾತ್ರಿಯೇ ಗತಿ, ಕಪ್ಪು ಜಿಟರ್‌ಬಗ್ಗೇ ಗತಿ. ಅಕ್ಟೋಬರ್ ಹೊತ್ತಿಗೆ ಶ್ಯಾಡ್‌ಗಳು ಗುಂಪುಗೂಡಿ ತೊರೆಗಳ ಬಾಯಿಗೆ ಬರುತ್ತವೆ, ಬೆನ್ನಟ್ಟಿ ಬಾಸ್‌ಗಳೂ ಬರುತ್ತವೆ. ಆಗ ಮಾತ್ರ ತಡವಾಗಿ ಎದ್ದ ಸೋಮಾರಿಗೂ ಒಂದಿಷ್ಟು ಪ್ರಸಾದ ಸಿಗುವುದುಂಟು.

ಇಷ್ಟಕ್ಕೆ ಸುಮ್ಮನಿದ್ದರೆ ಭಾವ ಭಾವ ಹೇಗಾದಾರು? ಅವರ ಫೋನಿನಲ್ಲಿ ಸೋಲೂನಾರ್ ಕೋಷ್ಟಕದ ಆ್ಯಪ್ ಇದೆ. ಜಾನ್ ಆಲ್ಡೆನ್ ನೈಟ್ ಎಂಬ ಅಮೆರಿಕನ್ 1926ರಲ್ಲಿ ಹುಟ್ಟುಹಾಕಿದ ಸಿದ್ಧಾಂತ ಅದು. ಚಂದ್ರ ನೆತ್ತಿಯ ಮೇಲಿರುವಾಗ ಮತ್ತು ಸರಿಯಾಗಿ ಕಾಲಡಿಗಿರುವಾಗ ಮೀನಿಗೆ ದೊಡ್ಡ ಹಸಿವು, ಚಂದ್ರ ಹುಟ್ಟುವಾಗ ಮುಳುಗುವಾಗ ಸಣ್ಣ ಹಸಿವು. ಅಂದರೆ ಅಮ್ಮನ ಒಂಟಿಕೊಪ್ಪಲ್ ಪಂಚಾಂಗದ ಅಮೆರಿಕನ್ ತಮ್ಮ. ಇವೆರಡೂ ಒಂದೇ ಮನೆಯಲ್ಲಿದ್ದ ತಿಂಗಳುಗಳಲ್ಲಿ ಒಳ್ಳೆಯ ತಮಾಷೆಯಾಯಿತು. ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ನವೆಂಬರಿನಲ್ಲಿ ಡಲ್ಲಾಸಿನ ಸೂರ್ಯ ಐದೂವರೆಗೆಲ್ಲ ಮುಳುಗುತ್ತಾನೆ. ಮುಸ್ಸಂಜೆಯ ಬಾಸ್ ಏಳುವ ಹೊತ್ತೂ ರಾಹುವಿನ ಹೊತ್ತೂ ಒಂದರ ಮೇಲೊಂದು ಕೂತವು. 'ರಾಹುಕಾಲದಲ್ಲಿ ಹೊರಡಬೇಡಿ' ಎಂದರು ಅಮ್ಮ. 'ಮೂರಕ್ಕೇ ಹೊರಡುತ್ತೇನೆ, ರಾಹುಕಾಲದಲ್ಲಿ ಬರೀ ನಿಂತಿರುತ್ತೇನೆ' ಎಂದರು ಭಾವ. ಶಾಸ್ತ್ರದಲ್ಲಿ ಇದಕ್ಕೆ ಆಕ್ಷೇಪಣೆ ಸಿಗಲಿಲ್ಲ. ಚಂದ್ರನ ಲೆಕ್ಕದ ಬಗ್ಗೆ ನನ್ನ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಆ್ಯಪ್ ನೋಡಿಯಾದರೂ ಮನುಷ್ಯ ಎದ್ದು ಹೋಗುತ್ತಾನಲ್ಲ, ಅದರ ಪುಣ್ಯ ಚಂದ್ರನಿಗೇ ಸಲ್ಲಲಿ.

ಸರಿ, ಎದ್ದಾಯಿತು, ಹೋದದ್ದಾಯಿತು, ಎಸೆದದ್ದಾಯಿತು, ನೀರು ಸಿಡಿಯಿತು. ಆ ಕ್ಷಣದಲ್ಲಿ ನೂರಕ್ಕೆ ತೊಂಬತ್ತು ಮಂದಿ ಮಾಡುವುದು ಒಂದೇ: ಬೆಚ್ಚಿಬಿದ್ದು ಕೋಲನ್ನು ಹಿಂದಕ್ಕೆ ಎಳೆಯುವುದು. ಬಾಸ್ ಬೇಟೆಯನ್ನು ಕಚ್ಚುವುದಕ್ಕಿಂತ ಹೀರುತ್ತದೆ. ಆ ದೊಡ್ಡ ಬಾಯನ್ನು ಫಕ್ಕನೆ ತೆರೆದು ನೀರು ಸಮೇತ ಒಳಗೆಳೆದುಕೊಳ್ಳುತ್ತದೆ. ಅದು ಬಾಯಿ ಮುಚ್ಚಿ ತಿರುಗುವ ಮುಂಚೆ ನೀವು ಎಳೆದರೆ ಲೂರ್ ಬಾಯಿಂದ ಹೊರಬಂದು, ಮೂರು ಮೊನೆಯ ಕೊಕ್ಕೆಗಳ ಸಮೇತ ನಿಮ್ಮ ಮುಖದತ್ತ ಹಾರಿ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ ಎಂದು ಹೇಳುವುದು ಅದಕ್ಕೇ. ಕಣ್ಣಿಗೆ ಕಂಡದ್ದನ್ನು ನಂಬಬಾರದು, ಕೈಗೆ ಭಾರ ಬರುವವರೆಗೆ ಕಾಯಬೇಕು. ಕಾಯುವ ಆ ಒಂದೆರಡು ಸೆಕೆಂಡಿಗೆ ಪ್ರತಿಯೊಬ್ಬರದೂ ಒಂದೊಂದು ಮಂತ್ರ. ಭಾವ 'ಶ್ರೀಕೃಷ್ಣಾರ್ಪಣಮಸ್ತು' ಎನ್ನುತ್ತಾರೆ. ಮೀನು ತಪ್ಪಿದರೂ ಹೇಗೂ ಅದನ್ನೇ ಹೇಳಬೇಕಲ್ಲ.

ಕಪ್ಪೆಯದು ಇನ್ನೂ ಕಠಿಣ. ಒಳಗೆ ಟೊಳ್ಳಾದ ಮೆತ್ತನೆಯ ರಬ್ಬರ್ ಕಪ್ಪೆ. ಎರಡು ಕೊಕ್ಕೆಗಳೂ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ಆದ್ದರಿಂದ ತಾವರೆ ಎಲೆ, ಜೊಂಡು, ಪಾಚಿ ಯಾವುದರ ಮೇಲೆ ಎಳೆದರೂ ಸಿಕ್ಕಿಬೀಳುವುದಿಲ್ಲ. ಮೀನು ಕಚ್ಚಿದರೆ ಮೈ ಅಪ್ಪಚ್ಚಿಯಾಗಿ ಕೊಕ್ಕೆ ಹೊರಬರುತ್ತದೆ. 50-65 ಪೌಂಡಿನ ಬ್ರೇಡ್ ದಾರ, ಬಗ್ಗದ ಗಡುಸು ಕೋಲು ಬೇಕು. ಯಾಕೆಂದರೆ ಸಿಕ್ಕ ಮೀನಿನ ಜೊತೆ ಅರ್ಧ ಗಾಡಿ ಹುಲ್ಲನ್ನೂ ಎಳೆಯಬೇಕಾಗುತ್ತದೆ. ನಡುಹಗಲಿನಲ್ಲೂ ಕೆಲಸ ಮಾಡುವ ಟಾಪ್‌ವಾಟರ್ ಇದೊಂದೇ ಎನ್ನಬಹುದು. ದಟ್ಟ ಎಲೆಯ ಚಾವಣಿಯ ಕೆಳಗೆ ಯಾವಾಗಲೂ ಮಬ್ಬೇ ತಾನೆ.

ಬಾಸ್ ನಮ್ಮ ಕಡೆಯ ಮೀನಲ್ಲ. ಆದರೆ ಈ ರಬ್ಬರ್ ಕಪ್ಪೆ ಮಾತ್ರ ಕರ್ನಾಟಕಕ್ಕೆ ಬಂದು ನೆಲೆಸಿಬಿಟ್ಟಿದೆ, ನಮ್ಮ ಕೆರೆಗಳ ಕೊರವ ಮೀನಿನ ದೆಸೆಯಿಂದ. ಇಂಗ್ಲಿಷಿನವರು ಮುರ್ರೆಲ್ ಎನ್ನುವ ಆ ಹಾವುತಲೆಯ ಮೀನೂ ಜೊಂಡಿನಲ್ಲಿ ಹೊಂಚುತ್ತದೆ, ಮರಿಗಳ ಹಿಂಡನ್ನು ಕಾಯುತ್ತದೆ, ಉಸಿರಾಡಲು ಮೇಲೆ ಬರುತ್ತದೆ, ಕಪ್ಪೆ ಕಂಡರೆ ಬಿಡುವುದಿಲ್ಲ. ಮಂಡ್ಯ ಕಡೆಯ ನನ್ನ ಗೆಳೆಯನೊಬ್ಬನಿಗೆ ಇದರ ಗೀಳು. ಅವನು ಹಿಡಿದದ್ದನ್ನು ನೀರಿಗೆ ಬಿಡುವ ಜಾತಿಯಲ್ಲ, ಬಾಣಲೆಗೆ ಬಿಡುವ ಜಾತಿ. ಭಾವನ ಗ್ಯಾರೇಜಿನ ವರ್ಣನೆಯನ್ನು ನನ್ನ ಬಾಯಿಂದ ಕೇಳಿದಾಗ ಅವನ ಕಣ್ಣು ಹೊಳೆಯಿತು.

ಭಾವ ಈ ಡಿಸೆಂಬರಿಗೆ ಬರುತ್ತಿದ್ದಾರೆ. ಚಾಕೊಲೇಟು, ಬಾದಾಮಿ, ನೋವಿನ ಮುಲಾಮು ಇತ್ಯಾದಿ ಪಟ್ಟಿ ಅಕ್ಕನಿಗೆ ಹೋಗಿಯಾಗಿದೆ. ಗೆಳೆಯನ ಪರವಾಗಿ ಭಾವನಿಗೆ ಬೇರೆ ಸಂದೇಶ ಕಳಿಸಿದ್ದೇನೆ: 'ಎರಡು ಕಪ್ಪೆ ತನ್ನಿ, ಕೊಕ್ಕೆ ಇರುವುದರಿಂದ ಚೆಕ್-ಇನ್ ಬ್ಯಾಗಿನಲ್ಲೇ ಇಡಿ. ಹೊಟ್ಟೆ ಬಿಳಿ ಇದ್ದರೆ ಸಾಕು, ಬೆನ್ನು ಯಾವ ಬಣ್ಣವಾದರೂ ಆದೀತು.' ಉತ್ತರವಾಗಿ ಹದಿನೆಂಟು ಬೆನ್ನುಗಳ ಫೋಟೋ ಬಂದಿದೆ, ಯಾವುದು ಬೇಕು ಆರಿಸಿ ಎಂದು. ಗೆಳೆಯ ಮೂರು ದಿನದಿಂದ ಆರಿಸುತ್ತಿದ್ದಾನೆ.